ಕೆಂಪು ಪಟ್ಟಿ ಯಾವ ಕೈಗೆ

ಮಾರ್ಚ್ ೯, ಭಾನುವಾರ

ಮಗಳೇ,

ನಿನಗೆ ಬರೆದು ಎಷ್ಟು ದಿನವಾಯಿತು ಎಂದು ಲೆಕ್ಕ ಹಾಕಲು ಹೋಗಿ, ನಾಚಿಕೆಯಾಗಿ ನಡುವೆಯೇ ಬಿಟ್ಟೆ. ತಡವಾದದ್ದಕ್ಕೆ ಬೈದುಕೋ, ಆದರೆ ಪೂರ್ತಿ ಓದಿ ಆಮೇಲೆ ಬೈದುಕೋ. ಫೋನ್ ಇರುವಾಗ ಪತ್ರ ಯಾಕೆ ಎನ್ನುತ್ತೀಯೇನೋ. ಫೋನಿನಲ್ಲಿ ನೀನು "ಹೂಂ ಅಮ್ಮ, ಆಯ್ತು ಅಮ್ಮ, ಇಡ್ತೀನಿ ಅಮ್ಮ" ಎಂದು ಮೂರೇ ಮಾತಿಗೆ ಮುಗಿಸುತ್ತೀಯ. ಪತ್ರವನ್ನು ಹಾಗೆ ನಡುವೆ ಇಟ್ಟುಬಿಡಲು ಬರುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುಖ ತಿರುಗಿಸುತ್ತದೆ. ನಿಮ್ಮಪ್ಪ ಅಂಗಡಿ ಮುಚ್ಚಿದರೂ ಹೊಲಿಗೆ ಯಂತ್ರ ಬಿಟ್ಟಿಲ್ಲ. ನಡುಮನೆಯಲ್ಲಿ ಅದನ್ನು ಅರಸನ ಹಾಗೆ ಕೂರಿಸಿ, ಅಕ್ಕಪಕ್ಕದವರ ಪರದೆಗಳಿಗೆಲ್ಲ ಅಂಚು ಹೊಲಿದುಕೊಡುತ್ತಿದ್ದಾರೆ. ಬೇಡವೆಂದವರಿಗೂ ಹೊಲಿದುಕೊಡುತ್ತಾರೆ. ಮಗು ಹೇಗಿದೆ? ಮೂರು ವರ್ಷದವರು ದಿನಕ್ಕೊಂದು ಹೊಸ ಮಾತು ಆಡುತ್ತಾರಂತೆ, ಒಂದೆರಡನ್ನಾದರೂ ಬರೆದು ಕಳಿಸು.

ಇನ್ನು ನನ್ನ ಗೋಳು ಕೇಳು. ಮೂವತ್ತೊಂದು ವರ್ಷ ಆಪರೇಷನ್ ಥಿಯೇಟರಿನಲ್ಲಿ ನಿಂತವಳು ನಾನು. ಕೊನೆಯ ಹತ್ತು ವರ್ಷದಿಂದ ಥಿಯೇಟರಿನ ಹಿರಿಯ ಸಿಸ್ಟರ್ ಎಂಬ ಹೆಸರು ಬೇರೆ. ಕರೆಂಟು ಹೋದದ್ದು ನೋಡಿದ್ದೇನೆ, ನೀರು ನಿಂತದ್ದು ನೋಡಿದ್ದೇನೆ. ಆದರೆ ಫೆಬ್ರವರಿ ಮೊದಲ ವಾರ ಬಂದು ವಕ್ಕರಿಸಿಕೊಂಡ ಈ ಕೈಪಟ್ಟಿಗಳ ಹಾಗೆ ಯಾವುದೂ ನನ್ನ ತಲೆ ತಿಂದಿಲ್ಲ.

ಸಂಗತಿ ಇಷ್ಟು. ನಮ್ಮಲ್ಲಿ ಶಸ್ತ್ರಚಿಕಿತ್ಸೆ ಕಲಿಯುವ ಎಂಟು ಮಂದಿ ಕಿರಿಯ ಡಾಕ್ಟರುಗಳಿದ್ದಾರೆ. ಅವರ ಕೈಚಳಕ ಹೇಗಿದೆ ಎಂದು ಇಷ್ಟು ದಿನ ದೊಡ್ಡ ಡಾಕ್ಟರು ಪಕ್ಕದಲ್ಲಿ ನಿಂತು ನೋಡಿ ಅಂಕ ಕೊಡುತ್ತಿದ್ದರು. ಅವರ ಮೂಗಿನ ತುದಿಯ ಕೋಪ ನಿನಗೂ ಗೊತ್ತು. ಬೆಳಿಗ್ಗೆ ಚಹಾ ಆರಿಹೋಗಿದ್ದರೆ ಆ ದಿನ ಎಲ್ಲರಿಗೂ ಅಂಕ ಕಡಿಮೆ. ಅದು ಸರಿಯಲ್ಲ ಎಂದು ಮೇಲಿನವರು ತೀರ್ಮಾನಿಸಿ, ಎಂಜಿನಿಯರಿಂಗ್ ಕಾಲೇಜಿನಿಂದ ಒಬ್ಬರನ್ನು ಕರೆಸಿದರು. ಐವತ್ತರ ಆಸುಪಾಸಿನ ಮೆತ್ತಗಿನ ಮನುಷ್ಯ, ಬಾಗಿಲು ತೆರೆಯುವಾಗ ಬಾಗಿಲಿಗೇ ಕ್ಷಮೆ ಕೇಳುವಂಥವರು. ಏನು ಕೇಳಿದರೂ ಲ್ಯಾಪ್‌ಟಾಪ್ ತಿರುಗಿಸಿ ಗೀಟುಗಳನ್ನು ತೋರಿಸುತ್ತಾರೆ. ಎರಡೇ ದಿನಕ್ಕೆ ಅವರಿಗೆ ಗ್ರಾಫ್ ಮೇಷ್ಟ್ರು ಎಂದು ಹೆಸರು ಬಿತ್ತು.

ಅವರು ತಂದದ್ದು ಹದಿನಾರು ಪಟ್ಟಿ, ಎಂಟು ಕೆಂಪು, ಎಂಟು ನೀಲಿ. ಒಂದೊಂದರ ಒಳಗೂ ಕೋಟಿನ ಗುಂಡಿಯಷ್ಟು ದೊಡ್ಡ ಯಂತ್ರ. ಡಾಕ್ಟರುಗಳು ಎರಡೂ ಮಣಿಕಟ್ಟಿಗೆ ಇದನ್ನು ಕಟ್ಟಿಕೊಂಡು ರಬ್ಬರ್ ಹಾಳೆಯ ಮೇಲೆ ಹೊಲಿಗೆ ಹಾಕಬೇಕು, ಗಂಟು ಕಟ್ಟಬೇಕು. ಕೈ ಎಷ್ಟು ದೂರ ಓಡಾಡಿತು, ಎಷ್ಟು ಸಲ ಅಲುಗಿತು, ನಯವಾಗಿ ಹೋಯಿತೋ ಜರ್ಕು ಹೊಡೆಯಿತೋ ಎಲ್ಲವನ್ನೂ ಅದು ಬರೆದುಕೊಂಡು ನೂರಕ್ಕೆ ಇಷ್ಟು ಎಂದು ಹೇಳುತ್ತದೆ. ಪಳಗಿದ ಕೈ ಕಡಿಮೆ ಓಡಾಡುತ್ತದಂತೆ. ಇದನ್ನು ಹೇಳಲು ಯಂತ್ರ ಬೇಕೇ ಎಂದು ನಾನು ಕೇಳಿದ್ದಕ್ಕೆ ಮೇಷ್ಟ್ರು "ಬೇಡ ಸಿಸ್ಟರ್, ಆದರೆ ಎಷ್ಟು ಕಡಿಮೆ ಅಂತ ಹೇಳೋಕೆ ಬೇಕು" ಎಂದರು. ಅವರ ಮೇಲೆ ಕೋಪ ಮಾಡಿಕೊಳ್ಳಲೂ ಆಗುವುದಿಲ್ಲ ನೋಡು.

ಪಟ್ಟಿ ಕಟ್ಟುವ ಭಾಗ್ಯ ನನ್ನದು. ಕೆಂಪು ಬಲಗೈಗೆ, ನೀಲಿ ಎಡಗೈಗೆ ಎಂದು ದಪ್ಪಕ್ಷರದಲ್ಲಿ ಬರೆದು ಅಭ್ಯಾಸದ ಕೋಣೆಯ ಗೋಡೆಗೆ ಅಂಟಿಸಿದ್ದೇನೆ. ಅವನ್ನು ಚಾರ್ಜಿಗೆ ಹಾಕುವುದು ನಾನು, ಸ್ಪಿರಿಟಿನಲ್ಲಿ ಒರೆಸುವುದು ನಾನು, ಮೂರು ಪ್ರತಿಯಲ್ಲಿ ಫಾರಂ ತುಂಬುವುದೂ ನಾನು. ಒಂದು ಪಟ್ಟಿ ಗೌನುಗಳ ಜೊತೆ ಒಗೆಯುವ ಯಂತ್ರಕ್ಕೆ ಹೋಗಿ ಸ್ವಚ್ಛವಾಗಿ ಸತ್ತು ಬಂತು. ಇನ್ನೊಂದನ್ನು ಯಾರೋ ಪುಣ್ಯಾತ್ಮರು ಉಪಕರಣಗಳ ಜೊತೆ ಹಬೆಗೆ ಇಟ್ಟು ಕರಗಿಸಿದರು. ಎರಡಕ್ಕೂ ವಿವರಣೆ ಬರೆದುಕೊಟ್ಟದ್ದು ನಾನೇ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ. ಪಟ್ಟಿ ಕಟ್ಟಿಕೊಂಡೇ ರೋಗಿಯ ಹತ್ತಿರ ಹೋಗಲಿ ಎಂದೂ ಮೇಲಿನವರು ಹೊರಟಿದ್ದರು. ಮೊಣಕೈವರೆಗೆ ಐದು ನಿಮಿಷ ಉಜ್ಜಿ ತೊಳೆದ ಮೇಲೆ ಈ ಗಡಿಯಾರದ ಪಟ್ಟಿಯೇ ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ. ಅಭ್ಯಾಸದ ಕೋಣೆಯಿಂದಾಚೆ ಅವು ಬಂದಿಲ್ಲ. ಅಷ್ಟಾದರೂ ಗೆದ್ದೆ.

ನಿಮ್ಮಪ್ಪನ ಕಥೆ ಕೇಳಿದರೆ ನಗುತ್ತೀಯ. ಅಲ್ಲಿ ಪ್ಲಗ್ಗುಗಳು ಸಾಲದೆ ನಾನು ಎರಡು ಪಟ್ಟಿಗಳನ್ನು ಮನೆಗೆ ತಂದು ಚಾರ್ಜಿಗೆ ಹಾಕಿದ್ದೆ. ಇವರು ಸುಮ್ಮನಿರಲಾರದೆ ಎರಡನ್ನೂ ಕಟ್ಟಿಕೊಂಡು ಎದುರುಮನೆಯವರ ಪರದೆಗೆ ಕೈಹೊಲಿಗೆ ಹಾಕಿದ್ದಾರೆ. ಮರುದಿನ ಮೇಷ್ಟ್ರು ಕಣ್ಣು ಅರಳಿಸಿಕೊಂಡು ಬಂದು, ಒಂಬತ್ತನೆಯ ಡಾಕ್ಟರು ಯಾರು, ಇಷ್ಟು ನಯವಾದ ಕೈಯನ್ನು ತಾವು ನೋಡಿಯೇ ಇಲ್ಲ ಎಂದರು. ದರ್ಜಿ ಎಂದು ಹೇಳಲು ನನಗೆ ಐದು ನಿಮಿಷ ಹಿಡಿಯಿತು. ಅಂದಿನಿಂದ ನಿಮ್ಮಪ್ಪ ನನ್ನ ಮಾತಿಗೆ ಎದುರಾಡುವಾಗಲೆಲ್ಲ "ಡಾಕ್ಟ್ರು ಹೇಳ್ತಿದ್ದೀನಿ, ಕೇಳು" ಎನ್ನುತ್ತಾರೆ.

ನಗುವ ಮಾತು ಅಷ್ಟೇ. ಎಂಟು ಜನರಲ್ಲಿ ಪ್ರತಿ ವಾರ ಮೊದಲು ಬರುವವನಿಗೆ ನಾವು ಗಡಿಯಾರ ಎನ್ನುತ್ತೇವೆ. ಟಿಕ್ ಟಿಕ್ ಎಂದು ಗಂಟು ಹಾಕುತ್ತಾನೆ, ಒಂದು ಬೆರಳೂ ವ್ಯರ್ಥವಾಗಿ ಅಲುಗುವುದಿಲ್ಲ. ಅವನು ಎದ್ದುಹೋದ ಮೇಲೆ ನಾನು ರಬ್ಬರ್ ಹಾಳೆ ಎತ್ತಿ ಎಳೆದು ನೋಡಿದರೆ ಹತ್ತರಲ್ಲಿ ನಾಲ್ಕು ಗಂಟು ಬಿಚ್ಚಿಕೊಂಡವು. ಮೇಷ್ಟ್ರಿಗೆ ತೋರಿಸಿದೆ. ಪಟ್ಟಿಗೆ ಕೈ ಕಾಣುತ್ತದೆ, ಗಂಟು ಕಾಣುವುದಿಲ್ಲ, ಕ್ಷಮಿಸಿ ಎಂದರು. ಓಡಿದ ಚಂದಕ್ಕೆ ಅಂಕ, ಊರು ಸೇರಿದನೋ ಇಲ್ಲವೋ ಕೇಳುವವರಿಲ್ಲ.

ಪ್ರತಿ ವಾರ ಕೊನೆಗೆ ಬರುವವಳು ಎಡಗೈಯವಳು. ಥಿಯೇಟರಿನಲ್ಲಿ ಎಲ್ಲರೂ ಎಡಚಿ ಡಾಕ್ಟರು ಎನ್ನುತ್ತಾರೆ, ಅವಳೂ ಓಗೊಡುತ್ತಾಳೆ. ಎತ್ತರದ, ಮಾತು ಕಡಿಮೆಯ ಹುಡುಗಿ. ನನ್ನ ಕಣ್ಣಿಗೆ ಎಂಟರಲ್ಲಿ ಒಳ್ಳೆಯ ಕೈ ಅವಳದೇ. ಅವಳು ಮುಚ್ಚಿದ ಗಾಯ ವಾರದಲ್ಲಿ ಪೆನ್ಸಿಲ್ ಗೀಟಿನ ಹಾಗೆ ಆಗಿಬಿಡುತ್ತದೆ. ಆದರೆ ಯಂತ್ರ ಪ್ರತಿ ವಾರವೂ ಅವಳ ಹೆಸರಿನ ಮುಂದೆ ಒಂದೇ ಷರಾ ಬರೆಯುತ್ತದೆ: ಸಹಾಯಕ ಕೈಯಲ್ಲಿ ಅನಗತ್ಯ ಚಲನೆ. ಸೂಜಿ ಹಿಡಿದ ಕೈಗೆ ಆಸರೆಯಾಗಿ ಸುಮ್ಮನಿರಬೇಕಾದ ಕೈ ಅಂಡಲೆಯುತ್ತಿದೆ ಎಂದು ಅರ್ಥ. ಎಡಗೈಯವಳಾದ್ದರಿಂದ ಹೀಗಾಗುತ್ತಿರಬಹುದೇ ಎಂದು ಅವಳು ಒಮ್ಮೆ ಮೆಲ್ಲಗೆ ಕೇಳಿದಳು. ದೊಡ್ಡ ಡಾಕ್ಟರು ಎಲ್ಲರೆದುರೇ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದುಬಿಟ್ಟರು. ಏಪ್ರಿಲ್ ಕೊನೆಗೆ ಸಭೆ ಇದೆ. ಎಲ್ಲರಿಗಿಂತ ಕೆಳಗಿರುವ ಒಬ್ಬರನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು, ಚಾಕು ಮುಟ್ಟುವ ಹಾಗಿಲ್ಲದ ಬೇರೆ ವಿಭಾಗಕ್ಕೆ ಕಳಿಸುತ್ತಾರೆ. ಕಳಿಸಿದರೆ ಅವಳು ಮತ್ತೆ ಈ ಕಡೆ ಬರುವಂತಿಲ್ಲ.

ಯಂತ್ರಕ್ಕೆ ಗೊತ್ತಿರುವುದು ನನ್ನ ಕಣ್ಣಿಗೆ ಗೊತ್ತಿಲ್ಲವೇನೋ ಎಂದು ಈಗ ನನಗೇ ಅನುಮಾನ ಶುರುವಾಗಿದೆ. ಅದೇ ಹೆಚ್ಚು ಸಿಟ್ಟು ಬರಿಸುತ್ತದೆ.

ಊಟ ಹೊತ್ತು ಹೊತ್ತಿಗೆ ಮಾಡು. ಮಗುವಿಗೆ ಅಜ್ಜಿಯ ಮುತ್ತು.

ನಿನ್ನ ಅಮ್ಮ


ಏಪ್ರಿಲ್ ೬, ಭಾನುವಾರ

ಮಗಳೇ,

ಹೋದ ಪತ್ರಕ್ಕೆ ಉತ್ತರ ಬರಲಿಲ್ಲ. ಇರಲಿ, ಕೆಲಸ, ಮಗು, ನಿನಗೂ ಎರಡೇ ಕೈ. ಈ ಪತ್ರವನ್ನು ಉತ್ತರಕ್ಕೆಂದು ಬರೆಯುತ್ತಿಲ್ಲ. ಹೇಳಿಕೊಳ್ಳಲು ಯಾರಾದರೂ ಬೇಕು. ನಿಮ್ಮಪ್ಪನಿಗೆ ಹೇಳಿದರೆ ಪಕ್ಕದಮನೆಗೆ, ಪಕ್ಕದಮನೆಗೆ ಹೇಳಿದರೆ ಇಡೀ ಬೀದಿಗೆ.

ಗುರುವಾರ ಹರ್ನಿಯಾದ ಒಂದು ಕೇಸಿತ್ತು. ದೊಡ್ಡ ಡಾಕ್ಟರು ಮುಖ್ಯ ಕೆಲಸ ಮುಗಿಸಿ, ಮೇಲಿನ ಚರ್ಮ ನೀವು ಮುಚ್ಚಿ ಎಂದು ಎಡಗೈಯವಳಿಗೆ ಬಿಟ್ಟರು. ಸೂಜಿ ಹಿಡಿಯುವ ಇಕ್ಕಳವನ್ನು ನಾನು ಎಂದಿನಂತೆ ಅವಳ ಎಡಗಡೆಗೆ ಕೊಟ್ಟೆ. ಅವಳು ಅದನ್ನು ಬಲಗೈಗೆ ಬದಲಾಯಿಸಿಕೊಂಡಳು. ನಾನು ಮುಖ ನೋಡಿದೆ. ಮಾಸ್ಕಿನ ಮೇಲೆ ಕಣ್ಣೆರಡೇ ಕಾಣುತ್ತಿದ್ದವು, ಅವೂ ನನ್ನನ್ನು ನೋಡಲಿಲ್ಲ. ಮೊದಲ ಹೊಲಿಗೆ ಸೊಟ್ಟ. ಎರಡನೆಯದು ಇನ್ನೂ ಸೊಟ್ಟ. ಮೂರನೆಯದಕ್ಕೆ ಸೂಜಿ ಜಾರಿ ಅವಳದೇ ಬೆರಳಿಗೆ ಚುಚ್ಚಿತು. ದೊಡ್ಡ ಡಾಕ್ಟರು "ಕೊಡಿ ಇಲ್ಲಿ" ಎಂದು ಇಕ್ಕಳ ಕಸಿದುಕೊಂಡು ತಾವೇ ಮುಗಿಸಿದರು. ರೋಗಿಗೆ ಏನೂ ಆಗಲಿಲ್ಲ. ಹಾಕಿದ ಎರಡು ಸೊಟ್ಟ ಹೊಲಿಗೆ ಬಿಚ್ಚಿ ಮತ್ತೆ ಹಾಕಿದ್ದು, ಅಷ್ಟೇ.

ಕೈ ತೊಳೆಯುವ ಕಡೆ ಅವಳು ನಲ್ಲಿ ಬಿಟ್ಟುಕೊಂಡು, ಚುಚ್ಚಿದ ಬೆರಳನ್ನು ನೀರಿನ ಕೆಳಗೆ ಹಿಡಿದು ನಿಂತೇ ಇದ್ದಳು. ರಕ್ತಪರೀಕ್ಷೆಯ ಚೀಟಿ ಬರೆದುಕೊಡುತ್ತಾ, ಯಾವಾಗಿನಿಂದ ಬಲಗೈ ಎಂದು ಕೇಳಿದೆ. ಮೂರು ವಾರದಿಂದ ಎಂದಳು. ಮನೆಯಲ್ಲಿ ದಿಂಬಿನ ಮೇಲೆ, ಸೋರೆಕಾಯಿಯ ಮೇಲೆ ಅಭ್ಯಾಸ ಮಾಡಿದ್ದಾಳಂತೆ. ಆಮೇಲೆ ಹೀಗೆಂದಳು:

"ಎಡಗೈ ಸುಮ್ಮನೆ ಅಲೆದಾಡುತ್ತೆ ಅಂತ ಆರು ವಾರ ಬಂತಲ್ಲ ಸಿಸ್ಟರ್. ಎಷ್ಟು ಹಿಡಿದಿಟ್ಟರೂ ನಿಲ್ಲಲಿಲ್ಲ. ಅದಕ್ಕೇ ಆ ಕೈಗೆ ಸೂಜಿ ಕೊಡೋದೇ ಬಿಟ್ಟೆ."

ಅವಳು ಹೋದ ಮೇಲೂ ಆ ಮಾತು ಕಿವಿಯಲ್ಲಿ ಸಿಕ್ಕಿಕೊಂಡಿತು. ಸೂಜಿ ಹಿಡಿದ ಕೈ ಅಲೆದಾಡಲೇಬೇಕಲ್ಲ? ಅದರ ಕೆಲಸವೇ ಅದು. ಅದನ್ನು ಯಂತ್ರ ಸಹಾಯಕ ಕೈ ಎಂದು ಯಾಕೆ ಕರೆಯುತ್ತದೆ? ಬೀರುವಿನಿಂದ ಪಟ್ಟಿಗಳ ಜೊತೆ ಬಂದಿದ್ದ ಸಣ್ಣ ಪುಸ್ತಕ ತೆಗೆದೆ. ಮೂಲೆ ಕೂಡ ಮುದುರಿರಲಿಲ್ಲ, ಯಾರೂ ತೆರೆದಿರಲಿಲ್ಲ. ನಾನೂ ತೆರೆದಿರಲಿಲ್ಲ. ಎರಡನೆಯ ಪುಟದಲ್ಲೇ ಇತ್ತು. ಕೆಂಪು ಪಟ್ಟಿ, ಸೂಜಿ ಹಿಡಿದು ಕೆಲಸ ಮಾಡುವ ಕೈಗೆ. ನೀಲಿ ಪಟ್ಟಿ, ಸಹಾಯಕ ಕೈಗೆ. ಬಲ ಎಂದಿಲ್ಲ, ಎಡ ಎಂದಿಲ್ಲ.

ಮೊದಲ ದಿನ ಮೇಷ್ಟ್ರು ಹೇಳಿದ್ದೂ ಇದನ್ನೇ. ಈಗ ನೆನಪಿಗೆ ಬರುತ್ತಿದೆ. ಅವರು ಕೆಲಸ ಮಾಡುವ ಕೈ ಎಂದರು, ನಾನು ಬಲಗೈ ಎಂದು ಬರೆದುಕೊಂಡೆ. ಎರಡೂ ಒಂದೇ ತಾನೆ ಎಂದು ನನ್ನ ಕೈಯೇ ಬರೆದುಕೊಂಡಿತು, ನನ್ನನ್ನು ಕೇಳಲೂ ಇಲ್ಲ. ಅದನ್ನೇ ದಪ್ಪಕ್ಷರದಲ್ಲಿ ಗೋಡೆಗೂ ಅಂಟಿಸಿದೆ. ವಾರಕ್ಕೆ ಎರಡು ಸಲ ಆ ಹುಡುಗಿಗೆ ಪಟ್ಟಿ ಕಟ್ಟಿದ್ದೇನೆ. ಎಡಚಿ ಡಾಕ್ಟರೇ ಬನ್ನಿ ಎಂದು ಕರೆದು, ಕೆಂಪನ್ನು ಬಲಗೈಗೇ ಕಟ್ಟಿದ್ದೇನೆ. ಇಂಥ ಬುದ್ಧಿಗೆ ಏನೆನ್ನಬೇಕು ನೀನೇ ಹೇಳು. ಎರಡು ತಿಂಗಳಿಂದ ಯಂತ್ರವನ್ನು ಬೈದದ್ದೇ ಬೈದದ್ದು, ಪಾಪ, ಅದು ನಾನು ಹೇಳಿಕೊಟ್ಟದ್ದನ್ನೇ ಒಪ್ಪಿಸುತ್ತಿತ್ತು.

ಶುಕ್ರವಾರ ಬೆಳಿಗ್ಗೆ ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ನನ್ನ ನಿವೃತ್ತಿಗೆ ಇನ್ನೆಷ್ಟಿದೆ ಎಂದು ಕೇಳಿದರು. ಹದಿನಾಲ್ಕು ತಿಂಗಳು ಎಂದೆ.

"ಮತ್ತೆ ಯಾಕೆ ಸಿಸ್ಟರ್? ಯಂತ್ರ ತಪ್ಪು ಮಾಡ್ತು ಅಂದ್ರೆ ಯಾರೂ ಯಾರನ್ನೂ ಕೇಳಲ್ಲ. ನೀವು ತಪ್ಪು ಮಾಡಿದ್ರಿ ಅಂದ್ರೆ ಮೊದಲು ನಿಮ್ಮನ್ನ ಕೇಳ್ತಾರೆ, ಆಮೇಲೆ ನನ್ನನ್ನ ಕೇಳ್ತಾರೆ."

ಅವರು ಕೆಟ್ಟವರಲ್ಲ. ಆ ಹುಡುಗಿಯನ್ನು ಹೇಗಾದರೂ ಉಳಿಸಿಕೊಳ್ಳೋಣ, ಪಟ್ಟಿಯಲ್ಲೇ ದೋಷವಿತ್ತು ಎಂದು ಬರೆದು ಮುಗಿಸೋಣ ಎಂದರು. ನನ್ನ ಮೇಲಿನ ಕರುಣೆಯಿಂದಲೇ ಹೇಳಿದರು, ತಮ್ಮ ಮೇಲೂ ಒಂದಿಷ್ಟು ಕರುಣೆ ಇತ್ತು. ಹಾಗೆ ಬರೆದರೆ ಅವಳು ಉಳಿಯುತ್ತಾಳೋ ಏನೋ. ಆದರೆ ಸೂಜಿ ಹಿಡಿಯಬೇಕಾದ ಕೈ ಯಾವುದು ಎಂದು ಅವಳಿಗೆ ಯಾರು ಹೇಳುತ್ತಾರೆ? ಯಂತ್ರ ಕೆಟ್ಟಿತ್ತಂತೆ ಎಂದುಕೊಂಡು ಅವಳು ಜೀವನಪೂರ್ತಿ ಬಲಗೈಯಲ್ಲೇ ಸೊಟ್ಟ ಹೊಲಿಗೆ ಹಾಕುತ್ತಾಳೆ.

ಯೋಚಿಸಿ ಹೇಳುತ್ತೇನೆ ಎಂದು ಬಂದೆ. ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಯೋಚಿಸುವುದಕ್ಕೆ ಏನಿದೆ ಎಂದೂ ಯೋಚಿಸುತ್ತಿದ್ದೇನೆ. ನಾಳೆ ಮೇಷ್ಟ್ರು ಬರುವ ದಿನ. ಅವರಿಗೆ ನಾನೇ ಹೇಳುತ್ತೇನೆ, ಆದದ್ದಾಗಲಿ.

ಮಗುವಿಗೆ ಕೆಮ್ಮು ಎಂದು ನಿಮ್ಮಪ್ಪ ಹೇಳಿದರು, ನೀನು ಅವರಿಗೆ ಫೋನ್ ಮಾಡಿದ್ದೆಯಂತೆ. ಬಿಸಿನೀರಿನ ಹಬೆ ಕೊಡು. ಪಾತ್ರೆಯಿಂದ ದೂರ ಕೂರಿಸು.

ನಿನ್ನ ಅಮ್ಮ


ಮೇ ೧೧, ಭಾನುವಾರ

ಮಗಳೇ,

ನಿನ್ನ ಚೀಟಿ ಬಂತು. ಇಷ್ಟು ದೊಡ್ಡ ಲಕೋಟೆಯಲ್ಲಿ ಒಂದೇ ಸಾಲು. "ಆ ಎಡಗೈ ಹುಡುಗಿಗೆ ಏನಾಯ್ತು?" ಕುಶಲವಿಲ್ಲ, ಸಹಿಯಿಲ್ಲ. ಆದರೂ ಅದನ್ನು ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೇನೆ. ತಕ್ಷಣ ಬರೆಯಬೇಕಿತ್ತು. ಎಲ್ಲ ಮುಗಿಯದೆ ಏನು ಬರೆಯಲಿ ಎಂದು ಕಾದೆ. ಈಗ ಮುಗಿದಿದೆ, ಕೇಳು.

ಸೋಮವಾರ ಮೇಷ್ಟ್ರಿಗೆ ಹೇಳಿದೆ. ಬೈಯುತ್ತಾರೆ ಎಂದು ಸೆರಗು ಬಿಗಿದು ನಿಂತಿದ್ದೆ. ಅವರು ಲ್ಯಾಪ್‌ಟಾಪ್ ತೆರೆದು, ಅವಳ ಹೆಸರಿನ ಎರಡು ಸಾಲುಗಳನ್ನು ಅದಲುಬದಲು ಮಾಡಿದರು. ಒಂದು ನಿಮಿಷದ ಕೆಲಸ. ಎಂಟನೆಯ ಜಾಗದಲ್ಲಿದ್ದವಳು ಎರಡನೆಯ ಜಾಗಕ್ಕೆ ಬಂದು ನಿಂತಳು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಮೇಷ್ಟ್ರು "ಕ್ಷಮಿಸಿ ಸಿಸ್ಟರ್, ನಾನು ಗೋಡೆಯ ಕಾಗದ ಓದಬೇಕಿತ್ತು" ಎಂದರು. ಪ್ರತಿ ಸೋಮವಾರ ಆ ಕಾಗದದ ಕೆಳಗೇ ಕೂತು ಚಹಾ ಕುಡಿದವರು ಅವರು. ನಮ್ಮಿಬ್ಬರಲ್ಲಿ ಯಾರು ಹೆಚ್ಚು ಕುರುಡರು ಎಂದು ಹೇಳುವುದು ಕಷ್ಟ.

ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಸರಿಯಾದದ್ದು ಮೊದಲ ಆರು ವಾರದ ಅಂಕ ಮಾತ್ರ. ಆಮೇಲಿನ ಮೂರು ವಾರ ಅವಳು ಬಲಗೈಯಲ್ಲಿ ಹೊಲಿದಿದ್ದಳು. ಆಗ ಕೆಂಪು ಪಟ್ಟಿ ಇದ್ದದ್ದು ಬಲಗೈಯಲ್ಲೇ. ಅಂದರೆ ಪಟ್ಟಿ ಸರಿ, ಕೈ ತಪ್ಪು. ಆ ಅಂಕಗಳನ್ನು ಇಟ್ಟುಕೊಳ್ಳುವಂತಿಲ್ಲ, ಬಿಸಾಡುವಂತಿಲ್ಲ. ಇದರ ಮೇಲೆ ಮೂರು ಸಭೆ. ಮೂರೂ ಸಭೆಗೆ ಬಿಸ್ಕತ್ತು ತರಿಸಿದ್ದೂ ನಾನೇ. ಕೊನೆಗೆ, ದೊಡ್ಡ ಡಾಕ್ಟರ ಮತ್ತು ಮೇಷ್ಟ್ರ ಎದುರು ಹೊಸದಾಗಿ ಒಂದು ಪರೀಕ್ಷೆ ಕೊಡಲಿ, ಅದೇ ಲೆಕ್ಕ ಎಂದು ತೀರ್ಮಾನವಾಯಿತು. ತಪ್ಪು ಮಾಡಿದವಳು ನಾನು, ಪರೀಕ್ಷೆ ಅವಳಿಗೆ.

ಅವಳಿಗೆ ದೊಡ್ಡ ಡಾಕ್ಟರೇ ವಿಷಯ ತಿಳಿಸಿದರು. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆವು. ಅವಳು ತನ್ನ ಎರಡು ಕೈಗಳನ್ನೂ ಮೇಜಿನ ಮೇಲಿಟ್ಟು ಸುಮ್ಮನೆ ನೋಡುತ್ತಾ ಕೂತಳಂತೆ. ಆಮೇಲೆ ಹತ್ತು ದಿನ ಟೈಮ್ ಕೊಡಿ ಎಂದಳಂತೆ. ಆ ಹತ್ತು ದಿನವೂ ಡ್ಯೂಟಿ ಮುಗಿದ ಮೇಲೆ ಅಭ್ಯಾಸದ ಕೋಣೆಯಲ್ಲಿ ಕೂತು ಎಡಗೈಯಲ್ಲಿ ಹೊಲಿದಳು. ಮೂರೇ ವಾರ ಬಿಟ್ಟಿದ್ದದ್ದು. ಆದರೂ ಸೂಜಿ ಹಿಡಿದ ಕೈ ನಡುದಾರಿಯಲ್ಲಿ ನಿಂತು, ಹೋಗಲೋ ಬೇಡವೋ ಎಂದು ಅನುಮತಿ ಕೇಳುತ್ತಿತ್ತು. ನಾನು ಹೊರಗಿನಿಂದ ಗಾಜಿನ ಕಿಟಕಿಯಲ್ಲಿ ನೋಡಿ ನೋಡಿ ಹಿಂದಿರುಗಿದೆ. ಒಳಗೆ ಹೋಗಿ ಏನು ಹೇಳುವುದು?

ಹಳೆಯ ಸಾಮಾನಿನ ಕೋಣೆಯಲ್ಲಿ ಹುಡುಕಿ ಎಡಗೈಯವರಿಗೆಂದೇ ಮಾಡಿದ ಒಂದು ಇಕ್ಕಳ ಹಿಡಿದುಕೊಂಡು ಬಂದೆ. ಹತ್ತು ವರ್ಷದಿಂದ ಅದು ಡಬ್ಬಿಯಲ್ಲಿ ಬಿದ್ದಿತ್ತು, ಅದರ ಪಟ್ಟು ಬಿಡಿಸುವ ಕೊಂಡಿ ಬೇರೆ ಕಡೆಗೆ ತಿರುಗಿರುತ್ತದೆ. ಉಳಿದವೆಲ್ಲ ಬಲಗೈಗೆ ಮಾಡಿದವು. ಇಷ್ಟು ದಿನ ಅವಳು ಪ್ರತಿ ಸಲ ಕೊಂಡಿಯನ್ನು ಉಲ್ಟಾ ಒತ್ತಿ ಬಿಡಿಸುತ್ತಿದ್ದಳು. ಅದನ್ನೂ ನಾನು ನೋಡಿದ್ದೆ, ಅದೇನೋ ಅವಳ ಚಾಳಿ ಅಂದುಕೊಂಡಿದ್ದೆ.

ಪರೀಕ್ಷೆಯ ದಿನ ಕೋಣೆಯಲ್ಲಿ ನಾವು ನಾಲ್ವರೇ: ದೊಡ್ಡ ಡಾಕ್ಟರು, ಮೇಷ್ಟ್ರು, ಅವಳು, ನಾನು. ಕೆಂಪು ಪಟ್ಟಿಯನ್ನು ಅವಳ ಎಡಗೈಗೆ ಕಟ್ಟಿದೆ. ಮೊದಲ ಗಂಟು ಬಿಚ್ಚಿಕೊಂಡಿತು. ದೊಡ್ಡ ಡಾಕ್ಟರು ಕೆಮ್ಮಿದರು. ನಾನು ಅವರನ್ನು ಒಂದು ಸಲ ನೋಡಿದೆ, ಮತ್ತೆ ಕೆಮ್ಮಲಿಲ್ಲ. ಮೂರನೆಯ ಹೊಲಿಗೆಯ ಹೊತ್ತಿಗೆ ಅವಳ ಭುಜ ಇಳಿಯಿತು, ಕೈ ತಾನೇ ನಡೆಯಿತು. ಹತ್ತು ಹೊಲಿಗೆ ಮುಗಿಸಿ ಇಕ್ಕಳ ಕೆಳಗಿಟ್ಟಳು. ಮೇಷ್ಟ್ರು ಲ್ಯಾಪ್‌ಟಾಪ್ ನೋಡಿ ಐದನೆಯ ಸ್ಥಾನ ಎಂದರು. ಎರಡಲ್ಲ, ಐದು. ಮೊದಲಿದ್ದ ಹರಿತ ಇನ್ನೂ ಬಂದಿಲ್ಲ. ಆದರೆ ಐದನೆಯವರನ್ನು ಯಾರೂ ಎಲ್ಲಿಗೂ ಕಳಿಸುವುದಿಲ್ಲ. ದೊಡ್ಡ ಡಾಕ್ಟರು ರಬ್ಬರ್ ಹಾಳೆಯನ್ನು ಎತ್ತಿ ಎರಡು ಕೈಯಲ್ಲಿ ಎಳೆದರು. ಮೊದಲನೆಯದು ಬಿಟ್ಟು ಒಂದು ಗಂಟೂ ಬಿಚ್ಚಲಿಲ್ಲ. ಇನ್ನು ಮುಂದೆ ಎಲ್ಲರ ಹಾಳೆಯನ್ನೂ ಹೀಗೆ ಎಳೆದು ನೋಡಿ ಅಂಕ ಬರೆಯಬೇಕು ಎಂದು ಮೇಷ್ಟ್ರಿಗೆ ಹೇಳಿ ಹೊರಟರು. ಗಡಿಯಾರ ಅಂದಿನಿಂದ ನಿಧಾನವಾಗಿ ನಡೆಯುತ್ತಿದೆ. ಎಲ್ಲರ ಅಂಕವನ್ನೂ ಹೊಸದಾಗಿ ಲೆಕ್ಕ ಹಾಕಬೇಕಾಗಿ ಬಂದದ್ದರಿಂದ, ಯಾರನ್ನೂ ಕಳಿಸುವ ಮಾತು ಈ ವರ್ಷ ಬೇಡ ಎಂದು ಸಭೆಯವರು ಕೈಬಿಟ್ಟರು.

ನನಗೊಂದು ಮೆಮೊ ಬಂತು. ಮೂವತ್ತೊಂದು ವರ್ಷದಲ್ಲಿ ಮೊದಲನೆಯದು. ನಿರ್ಲಕ್ಷ್ಯ ಎಂದು ಬರೆದಿದ್ದಾರೆ. ಸಹಿ ಹಾಕಿ ತೆಗೆದುಕೊಂಡೆ. ನಿಮ್ಮಪ್ಪ ಓದಿ, ಹೊಲಿಗೆ ಯಂತ್ರ ನಿಲ್ಲಿಸಿದರು. ಆಮೇಲೆ ತಾವೇ ಎದ್ದು ಚಹಾ ಮಾಡಿಕೊಟ್ಟರು.

ಮೆಮೊ ನೋಯಿಸಲಿಲ್ಲ, ನಿಜವಾಗಿ. ನೋಯಿಸಿದ್ದು ಬೇರೆ. ಪರೀಕ್ಷೆಯಾದ ಮೇಲೆ ಅವರಿಬ್ಬರೂ ಹೋಗಿ, ನಾವಿಬ್ಬರೇ ಉಳಿದೆವು. ನಾನು ದಾರದ ತುಂಡುಗಳನ್ನು ಆಯುತ್ತಾ, ತಪ್ಪು ನನ್ನದು ಡಾಕ್ಟ್ರೇ, ಕಟ್ಟಿದ್ದು ನಾನೇ ಎಂದೆ. ಅವಳಿಗೆ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಚೆನ್ನಾಗಿತ್ತು.

"ಅಷ್ಟು ವಾರ ನನ್ನ ಕೈ ಹಿಡ್ಕೊಂಡು ಕಟ್ಟಿದ್ರಿ ಸಿಸ್ಟರ್," ಎಂದಳು. "ಯಾವ ಕೈಯಲ್ಲಿ ಹೊಲೀತೀರಿ ಅಂತ ಒಂದು ಸಲ ಕೇಳಲಿಲ್ಲ."

ಕೇಳುವುದೇನಿತ್ತು, ನನಗೆ ಗೊತ್ತೇ ಇತ್ತು. ಅವಳೇ ಮತ್ತೆ ಹೇಳಿದಳು.

"ನಾನೂ ಹೇಳಲಿಲ್ಲ ಬಿಡಿ. ಗೋಡೆ ಮೇಲಿನ ಕಾಗದ ದಿನಾ ಓದ್ತಿದ್ದೆ. ಏನಾದ್ರೂ ತಪ್ಪಿದ್ರೆ ಅದು ನನ್ನ ಕೈಯದೇ ಇರುತ್ತೆ ಅಂತ ಚಿಕ್ಕಂದಿನಿಂದ ಅಭ್ಯಾಸ."

ಇಷ್ಟು ಹೇಳಿ ಪಟ್ಟಿಗಳನ್ನು ಬಿಚ್ಚಿ, ಒರೆಸಿ, ನನ್ನ ಮುಂದಿಟ್ಟು ವಾರ್ಡಿಗೆ ಹೋದಳು. ಈಗ ಥಿಯೇಟರಿನಲ್ಲಿ ಅವಳಿಗೆ ಎಡಗಡೆಗೇ ಇಕ್ಕಳ ಕೊಡುತ್ತೇನೆ, ಎಡಗೈಯಲ್ಲೇ ತೆಗೆದುಕೊಳ್ಳುತ್ತಾಳೆ. ಎಡಚಿ ಡಾಕ್ಟರು ಎಂದು ನಾನು ಕರೆಯುವುದಿಲ್ಲ, ಬೇರೆ ಯಾರಾದರೂ ಕರೆದರೆ ಒಂದು ನೋಟ ನೋಡುತ್ತೇನೆ. ಗೋಡೆಯ ಕಾಗದ ಕಿತ್ತು ಹೊಸದು ಬರೆದು ಅಂಟಿಸಿದ್ದೇನೆ: ಕಟ್ಟುವ ಮೊದಲು ಕೇಳಿ.

ಹುಡುಗಿಗೆ ಏನಾಯಿತು ಎಂದು ಕೇಳಿದ್ದೆಯಲ್ಲ, ಇದೇ ಆಯಿತು.

ನಿನ್ನ ಮನೆ ತಣ್ಣಗಿರಲಿ. ಮಗುವಿನ ಕೆಮ್ಮು ಹೋಯಿತಲ್ಲ, ಅದು ಗುಂಡುಗುಂಡಾಗಿ ಬೆಳೆಯಲಿ. ನೀನು ನಗುನಗುತ್ತಾ ಇರು, ನನಗೆ ಕಾಣಿಸದಿದ್ದರೂ ಚಿಂತೆಯಿಲ್ಲ.

ನಿನ್ನ ಅಮ್ಮ

ಮರೆತು ಬಿಟ್ಟದ್ದಲ್ಲ, ಬೇಕೆಂದೇ ಕೊನೆಗೆ ಉಳಿಸಿಕೊಂಡದ್ದು: ಹೋದ ವರ್ಷ ನೀನು ಬಂದಿದ್ದಾಗ, ಊಟದ ಹೊತ್ತಿನಲ್ಲಿ ಮಗುವಿನ ಎಡಗೈಯಿಂದ ಚಮಚ ತೆಗೆದು ನಾನು ಬಲಗೈಗೆ ಇಟ್ಟೆ. ನೀನು ತಟ್ಟೆ ಸರಿಸಿ, "ನನ್ನ ಕೈ ಎಷ್ಟು ದಿನ ಕಟ್ಟಿದ್ದೆ ಅಮ್ಮ?" ಎಂದು ಕೇಳಿದೆ. ನನಗೆ ನೆನಪಿಲ್ಲ ಎಂದೆ. ನೀನು ಮರುದಿನ ಬೆಳಿಗ್ಗೆಯೇ ಮಗುವನ್ನು ಎತ್ತಿಕೊಂಡು ಹೊರಟುಹೋದೆ. ನಾನು ಹೇಳಿದ್ದು ಸುಳ್ಳು. ನಿನಗೆ ಐದು ತುಂಬಿದ ತಿಂಗಳಿಂದ ಆರೂವರೆಯವರೆಗೆ ಕಟ್ಟಿದೆ, ನೀನು ಬರೆಯಲು ಕೂತಾಗಲೆಲ್ಲ, ಕುರ್ಚಿಯ ಹಿಂಬದಿಗೆ. ನಾಲ್ಕು ಅಂಗುಲದ ಬ್ಯಾಂಡೇಜು, ಥಿಯೇಟರಿನಿಂದ ನಾನೇ ತಂದದ್ದು. ರಕ್ತ ಓಡಾಡಲಿ ಎಂದು ಎರಡು ಬೆರಳು ತೂರುವಷ್ಟು ಸಡಿಲ ಬಿಡುತ್ತಿದ್ದೆ, ಅದನ್ನೇ ಪ್ರೀತಿ ಅಂದುಕೊಂಡಿದ್ದೆ. ನಿಮ್ಮಪ್ಪ ಬೇಡ ಎಂದರು, ನಾನು ಕೇಳಲಿಲ್ಲ. ಮೊದಮೊದಲು ನೀನು ಅಳುತ್ತಿದ್ದೆ. ಆಮೇಲೆ ಅಳು ನಿಂತಿತು. ನಾನು ಡ್ಯೂಟಿಯಿಂದ ಬರುವ ಹೊತ್ತಿಗೆ ಪುಸ್ತಕ ಬಿಡಿಸಿಟ್ಟು, ಬ್ಯಾಂಡೇಜಿನ ಸುರುಳಿಯನ್ನು ನೀನೇ ತಂದುಕೊಟ್ಟು, ಎಡಗೈ ಚಾಚಿಕೊಂಡು ನಿಲ್ಲುತ್ತಿದ್ದೆ. ಜಾಣೆ ಎಂದು ನಾನು ನಿನ್ನ ತಲೆ ಸವರುತ್ತಿದ್ದೆ. ಎಲ್ಲ ನೆನಪಿದೆ ಮಗಳೇ.